ವಿಭೂತಿ ಹಚ್ಚಿದ ನಾಗರ

ಜುಲೈ ಹದಿನಾರರ ಬೆಳಿಗ್ಗೆ ಮಹಾರಾಷ್ಟ್ರದ ಗಡಿಯೂರು ನಿಲಂಗಾದ ಠಾಣೆಯ ಮೆಟ್ಟಿಲು ಹತ್ತಿದ ಮಲಕಮ್ಮನನ್ನು ಹವಾಲ್ದಾರ ಪಂಡಿತ ಬಾಗಿಲಲ್ಲೇ ತಡೆದ. ಅವಳ ಗಂಡ ಖಂಡೆಪ್ಪ ನಾಗರಹಾವು ಕಚ್ಚಿ ಸತ್ತು ವಾರವಾಗಿತ್ತು. ಆಕಸ್ಮಿಕ ಮರಣವೆಂದು ದಾಖಲಾಗಿ, ಶವಪರೀಕ್ಷೆ ಮುಗಿದು, ಕಡತ ಕಪಾಟು ಸೇರಿತ್ತು.

"ಹಾವಿನ ಮ್ಯಾಲ ತಕ್ರಾರ ಬರಕೊಳ್ಳಾಕ ಬರಂಗಿಲ್ಲ ತಂಗಿ."

"ಹಾವಿನ ಮ್ಯಾಲಲ್ಲರಿ. ಸಾಕಿದಂವನ ಮ್ಯಾಲ."

ಒಳಗಿದ್ದ ಪಿಎಸ್‌ಐ ಶುಭಾಂಗಿ ತಲೆಯೆತ್ತಿದಳು. ಗುಂಜೋಟಿಯ ಲಿಂಗಾಯತ ಒಕ್ಕಲು ಮನೆತನದ ಹೆಣ್ಣು. ಠಾಣೆಯ ಕಾಗದದಲ್ಲಿ ಮರಾಠಿ, ಜನರೊಡನೆ ಕನ್ನಡ. ಮಲಕಮ್ಮನಿಗೆ ಕುರ್ಚಿ ತೋರಿಸಿದಳು.

"ಯಾರು?"

"ಬಾಜೂ ಮನಿ ರವಿಕಾಂತ. ಅರಿವಿ ಅಂಗಡಿ ಜಗದೇವಪ್ಪನ ಮಗಾ. ಮನಿಗೆ ಬಂದ ಹಾವು ಹಿಡೀತಾನ, ಸರ್ಪಮಿತ್ರ ಅಂತ ಅಂಗಿ ಮ್ಯಾಲ ಬರಸ್ಕೊಂಡಾನ."

"ಸಾಕ್ಯಾನಂತ ಹ್ಯಾಂಗ ಗೊತ್ತು?"

"ನಮ್ಮಿಬ್ಬರ ನಡುವ ಒಂದ ಗ್ವಾಡಿ. ರಾತ್ರಿ ಬುಸ್ಸಂತ ಸಪ್ಪಳ ಬರ್ತಿತ್ತು. ಕೇಳಿದ್ರ ಕುಕ್ಕರ ಅಂತಿದ್ದ. ನಡುರಾತ್ರಿ ಯಾರ್ ಅನ್ನಾ ಮಾಡ್ತಾರ್ರಿ?"

ಉಳಿದದ್ದನ್ನು ಅವಳು ಬೇರೆ ಯಾರದೋ ಸುದ್ದಿಯಂತೆ ಹೇಳಿದಳು. ಸಂಜೆ ಬಚ್ಚಲಿಗೆ ಹೋದ ಗಂಡನ ಪಾದಕ್ಕೆ ಹಾವು ಕಚ್ಚಿತು. ಓಣಿಯವರು ಅದನ್ನು ಹೊಡೆದು ಕೊಂದರು. ರವಿಕಾಂತ ಓಡಿ ಬಂದ, ಗಾಯ ನೋಡಿದ. ಒಣ ಕಡಿತ, ವಿಷ ಮೈಗೆ ಸೇರಿಲ್ಲ, ಏನೂ ಆಗುವುದಿಲ್ಲ ಎಂದ. ಕೊಂದ ನಾಗಪ್ಪನನ್ನು ಹಾಗೇ ಬಿಡಬಾರದು, ಸುಟ್ಟು ಬರುತ್ತೇನೆ ಎಂದು ಹಾವನ್ನು ಚೀಲಕ್ಕೆ ಹಾಕಿಕೊಂಡು ಬೈಕಿನ ಮೇಲೆ ಹೋದ. ಅವನ ಮಾತು ನಂಬಿ ಎಲ್ಲರೂ ಕೂತರು. ಖಂಡೆಪ್ಪನ ರೆಪ್ಪೆ ಜೋತುಬಿದ್ದ ಮೇಲೆಯೇ ದವಾಖಾನೆ ನೆನಪಾದದ್ದು. ಅಷ್ಟರಲ್ಲಿ ತಡವಾಗಿತ್ತು.

"ಈಗ ಎಲ್ಲಿದ್ದಿ?"

"ಜಳಕೋಟದಾಗ ಅಣ್ಣನ ಮನ್ಯಾಗ. ನನ್ನ ಕಾಲಗುಣಕ್ಕ ನಾಗಪ್ಪ ಮುನದಾನಂತ ಅತ್ತಿ ನನ್ನ ಹಾಸಗಿ ಹೊರಗ ಒಗದಾಳ. ಅದು ಸಾಕಿದ ಹಾವಂತ ಗೊತ್ತಾಗೂ ತನಕ ಬಾಗಲಾ ತಗಿಯಂಗಿಲ್ಲ."

ನಿರ್ಲಕ್ಷ್ಯದಿಂದ ಸಾವು ಎಂಬ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಶುಭಾಂಗಿ, ಪಂಡಿತ ಮತ್ತು ಇಬ್ಬರು ಪಂಚರು ಜಗದೇವಪ್ಪನ ಮನೆಗೆ ಹೋದರು. ಓಣಿಯಲ್ಲಿ ಯಾರೂ ನೀರು ಬೇಕೇ ಎಂದು ಕೇಳಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಹಿಂದಿನ ಕೋಣೆ ಖಾಲಿ. ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬಾಗಿಲ ಕೆಳಗಿನ ಸಂದಿಯಲ್ಲಿ ಪಂಡಿತನ ಅಂಗೈ ಸಲೀಸಾಗಿ ತೂರಿತು.

ರವಿಕಾಂತ ತಣ್ಣಗೆ ನಿಂತಿದ್ದ. "ಹಿಡದ ಹಾವು ಅವತ್ತ ಅಡವ್ಯಾಗ ಬಿಡ್ತೀನ್ರಿ ಮ್ಯಾಡಮ್. ಅದು ಹೊಲದ ಹಾವು. ಮಳಿಗಾಲ ಅದ, ಬಂದದ."

"ಕಡಿತ ನೋಡಿ ವಿಷ ಇಲ್ಲಂತ ಹ್ಯಾಂಗ ಹೇಳ್ದಿ?"

"ಅನುಭವಾ. ಒಮ್ಮೊಮ್ಮಿ ತಪ್ಪತದ."

ಅವನ ಅಜ್ಜಿ ಬಂಡಮ್ಮ ಹೊಸ್ತಿಲ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಅಂದಳು: "ನಾಗಪ್ಪನ ಮ್ಯಾಲ ಕೇಸ್ ಹಾಕ್ಯಾರಂತ! ನಾಳಿ ಯಮಗ ವಾರಂಟ್ ಕಳಸ್ರಿ."

ಜನ ನಕ್ಕರು. ಹೊರಗೆ ಬಂದರೆ ಜೀಪಿನ ಎರಡು ಗಾಲಿಗಳ ಗಾಳಿ ಇಳಿದಿತ್ತು.

ಸುಟ್ಟ ಜಾಗವನ್ನು ರವಿಕಾಂತನೇ ತೋರಿಸಿದ: ಊರ ಹೊರಗಿನ ಹಳ್ಳದ ದಂಡೆ, ಬಂಡೆಯ ಮರೆಯಲ್ಲಿ ಮಳೆ ತಾಗದ ಬೂದಿ. ಪಂಡಿತ ಅದನ್ನು ಹಿಟ್ಟಿನ ಜರಡಿಯಲ್ಲಿ ಸಾಣಿಸಿದ. ಹಾವಿನ ಮೈತುಂಬ ಎಲುಬು. ಆ ಬೂದಿಯಲ್ಲಿ ಒಂದು ಚೂರೂ ಸಿಗಲಿಲ್ಲ.

"ಭಾಳ ತುಪ್ಪಾ ಹಾಕಿದ್ದೆ. ಉರದ ಹೋಗ್ಯಾವ" ಎಂದ ರವಿಕಾಂತ.

ಹಾವು ಸಿಗದೆ ಮೊಕದ್ದಮೆ ನಿಲ್ಲುವುದಿಲ್ಲ. ಪೇಟೆಯ ಹಿರಿಯರು ಠಾಣೆಗೆ ಬಂದು, ಒಳ್ಳೆಯ ಮನೆತನದ ಹುಡುಗ, ಮನೆಮನೆಗೆ ಉಪಕಾರ ಮಾಡಿದವನು ಎಂದು ಹೇಳಿ ಚಹಾ ಮುಟ್ಟದೆ ಎದ್ದುಹೋದರು.

ಹದಿನೆಂಟರಂದು ಬಂಡಮ್ಮನ ಹೇಳಿಕೆ ಪಡೆಯಲು ಶುಭಾಂಗಿ ಮತ್ತೆ ಹೋದಳು.

"ಅವತ್ತು ನಿಮ್ಮ ಮೊಮ್ಮಗಾ ಮನಿಯಿಂದ ತುಪ್ಪಾ ಒಯ್ದನೇನ ಅಮ್ಮಾ?"

"ತುಪ್ಪಾ ಯಾಕ? ನೀ ಲಿಂಗಾ ಕಟ್ಟಿದಾಕಿ ಹೌದಿಲ್ಲೋ? ಅಂವನ ಭಕ್ತಿ ನಿನಗೇನ ಗೊತ್ತು? ವಿಭೂತಿ ಗಟ್ಟಿ ಒಯ್ದ. ಗಿಡದಾನ ಪತ್ರಿ ಹರದ. ಕೋರಾ ಬಟ್ಟಿ ಒಯ್ದ. ಹುಳಕ್ಕ ಯಾರ್ ಇಷ್ಟ ಮಾಡ್ತಾರ?"

ಶುಭಾಂಗಿ ಬರೆಯುತ್ತಿದ್ದ ಪೆನ್ನು ನಿಂತಿತು. ಅವಳ ಅಪ್ಪನನ್ನು ಮಣ್ಣಿಗಿಟ್ಟ ದಿನವೂ ಅದೇ ಸಾಮಾನು: ವಿಭೂತಿ, ಪತ್ರೆ, ಹೊಸ ಬಿಳಿ ಬಟ್ಟೆ. ಕೊಂದ ನಾಗರವನ್ನು ಈ ಸೀಮೆಯವರು ಸುಡುತ್ತಾರೆ. ಲಿಂಗಾಯತರು ಹೀಗೆ ಹೂಳುವುದು ಮನೆಯವರನ್ನು.

"ನಿಮ್ಮ ಹಿರೀರ ಸಮಾಧಿ ಎಲ್ಲವ?"

"ನಮ್ಮ ಹೊಲದಾಗ. ಯಾಕ?"

ಅರಣ್ಯಾಧಿಕಾರಿ ಮತ್ತು ಪಂಚರ ಎದುರು ಸಂಜೆ ಐದಕ್ಕೆ ಅಗೆತ ಶುರುವಾಯಿತು. ರವಿಕಾಂತನ ಅಜ್ಜನ ಗದ್ದಿಗೆಯ ಪಕ್ಕ ಹಸಿ ಮಣ್ಣಿತ್ತು. ಮೊಣಕಾಲುದ್ದ ಅಗೆದಾಗ ಬಿಳಿ ಬಟ್ಟೆ ಕಂಡಿತು. ನಾತಕ್ಕೆ ಪಂಚನೊಬ್ಬ ಮುಖ ತಿರುಗಿಸಿದ. ಸುರುಳಿ ಸುತ್ತಿ ಕೂರಿಸಿದ ಹಾವು; ಸುತ್ತ ಬಾಡಿದ ಪತ್ರೆ; ಹೆಡೆಯ ಮೇಲೆ ಎಳೆದ ವಿಭೂತಿ ಇನ್ನೂ ಉಳಿದಿತ್ತು. ಬೆನ್ನ ನಡುವೆ ಮಾಸಿದ ಹೊಲಿಗೆಯ ಗಾಯ.

ಹೊಲದ ಗುಡಿಸಿಲಲ್ಲಿ, ಮನೆಯಿಂದ ತಂದು ಬಚ್ಚಿಟ್ಟ, ಹಾವು ಬಿಟ್ಟ ಪೊರೆ ಅಂಟಿಕೊಂಡಿದ್ದ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಬಾಯಿಗೆ ಜಾಳಿಗೆ, ಅದರ ಸುತ್ತ ಬಿಗಿದ ಸೀರೆಯಂಚು. ಒಂದು ಮೂಲೆ ಸಡಿಲಾಗಿ ಮೇಲೆದ್ದಿತ್ತು.

ಅರಣ್ಯಾಧಿಕಾರಿ ಡಬ್ಬಿಯನ್ನು ತಿರುಗಿಸಿ ನೋಡಿದರು. "ಮನಿಯಾಗ ಇಡೂದ ಗುನ್ಹಾ. ಪರವಾನಗಿ ಇದ್ದಲ್ಲೂ ಡಬ್ಬಿಗೊಂದು ಕೀಲಿ, ಕೋಣಿಗೊಂದು ಕೀಲಿ, ಬಾಗಲ ಸಂದಿ ಮುಚ್ಚಿರಬೇಕು, ವಿಷಕ್ಕ ಔಷಧ ಎಲ್ಲಿ ಸಿಗತದ ಅಂತ ಮೊದಲ ಖಾತ್ರಿ ಮಾಡ್ಕೋಬೇಕು. ಇದು ಉಳ್ಳಾಗಡ್ಡಿ ಇಡೂ ಡಬ್ಬಿ."

ಪಂಚನಾಮೆಗೆ ಸಹಿ ಬಿತ್ತು. ಮರುದಿನ ದೇವಣಿಯ ಪಶುವೈದ್ಯರು ಹೊಲಿಗೆಯನ್ನು ಗುರುತಿಸಿದರು. ನೇಗಿಲು ತಾಗಿದ ಹಾವೆಂದು ಹೋಳಿಯ ಹೊತ್ತಿಗೆ ರವಿಕಾಂತ ತಂದಿದ್ದ. ವಾಸಿಯಾದ ಮೇಲೆ ಬಿಟ್ಟೆ ಎಂದು ಫೋನಿನಲ್ಲಿ ತಿಳಿಸಿದ್ದ.

ಹತ್ತೊಂಬತ್ತರ ಮಧ್ಯಾಹ್ನ ಅವನನ್ನು ಅಂಗಡಿಯಲ್ಲೇ ಬಂಧಿಸಲಾಯಿತು. ವನ್ಯಜೀವಿ ಕಾಯ್ದೆಯ ಕಲಮು, ಸಾಕ್ಷ್ಯನಾಶದ ಕಲಮು ಸೇರಿದವು. ಜೀಪು ಹತ್ತಿಸುವಾಗ ಯಾರೋ ಶುಭಾಂಗಿಯ ಬೆನ್ನ ಹಿಂದೆ ಉಗುಳಿದರು.

"ಕಚ್ಚಿದ್ದು ನಿನ್ನ ಹಾವಂತ ನೋಡಿದ ಕೂಡ್ಲೆ ಗೊತ್ತಾತಿಲ್ಲೋ?" ಠಾಣೆಯಲ್ಲಿ ಅವಳು ಕೇಳಿದಳು.

"ಹೊಲಿಗಿ ಕಾಣಸ್ತು."

"ಖಂಡೆಪ್ಪ ಇನ್ನಾ ಮಾತಾಡ್ತಿದ್ದ. ನಿನ್ನ ಕಡೆ ಬೈಕ್ ಇತ್ತು. ದವಾಖಾನಿ ಹತ್ತು ಮಿನಿಟು."

ಅವನು ನೆಲ ನೋಡುತ್ತಿದ್ದ. "ಡಾಕ್ಟರು ಕೇಳತಾರ, ಯಾವ ಹಾವು, ಎಲ್ಲಿಂದ ಬಂತು ಅಂತ."

ಹೊರಗೆ ಬೆಂಚಿನ ಮೇಲೆ ಮಲಕಮ್ಮ ಕೂತಿದ್ದಳು. ಅವಳ ಅತ್ತೆ ಕಾಂತಾಬಾಯಿ ಬಂದದ್ದು ಆಗಲೇ. ಸೊಸೆಯತ್ತ ನೋಡದೆ ನೇರ ಒಳಗೆ ನುಗ್ಗಿದಳು. ಪಂಡಿತ ತಡೆಯಲು ಹೋದ. ಶುಭಾಂಗಿ ಬೇಡವೆಂದು ಕೈಸನ್ನೆ ಮಾಡಿದಳು.

"ಏನೂ ಆಗಂಗಿಲ್ಲಂತ ಯಾಕ ಹೇಳ್ದ್ಯೋ, ಭಾಡ್ಯಾ?"

ರವಿಕಾಂತ ಅವಳತ್ತ ತಿರುಗಿದ. "ಅಂಗಡ್ಯಾಗ ನಾ ಜಗದೇವಪ್ಪನ ಮಗಾ ಕಾಕೂ. ಗಿರಾಕಿ ನನ್ನ ಹೆಸರ ಸುದ್ದಾ ಕೇಳಂಗಿಲ್ಲ. ಹಾವು ಬಂದ್ರ ಇಡೀ ನಿಲಂಗಾ ರವಿಭಾವೂ, ರವಿ ಅಣ್ಣಾ ಅಂತ ಕರೀತಿತ್ತು. ಹಾವು ನಂದಂತ ಗೊತ್ತಾಗಿದ್ರ ಇನ್ನ ಯಾರೂ ಕರೀತಿರಲಿಲ್ಲ."

ಅದನ್ನು ಶುಭಾಂಗಿ ಅವನು ಹೇಳಿದಂತೆಯೇ ಬರೆದುಕೊಂಡಳು. ಅದಕ್ಕೆ ಯಾವ ಕಲಮೂ ಇರಲಿಲ್ಲ.

ಕಾಂತಾಬಾಯಿ ಹೊರಗೆ ಬಂದು ಬೆಂಚಿನ ಮುಂದೆ ನಿಂತಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಡಿ ಮನಿಗಿ."

ಮಲಕಮ್ಮ ಎದ್ದು ತನ್ನ ಚೀಲ ಎತ್ತಿಕೊಂಡಳು. "ಬರ್ತೀನಿ. ನೀವ್ ಕರದೀರಂತಲ್ಲ. ಅದು ನನ್ನ ಮನಿ."

ಅತ್ತೆಗಾಗಿ ಕಾಯದೆ ಅವಳು ಮೆಟ್ಟಿಲಿಳಿದು ಮುಂದೆ ನಡೆದಳು.