ಅಂಬಪ್ಪ ಊದುತ್ತಿದ್ದ ಪೈಪು

ತೊಂಬತ್ನಾಲ್ಕರ ಭತ್ತದ ಸುಗ್ಗಿ. ಸಿಂಧನೂರಿನ ನನ್ನ ರಿಪೇರಿ ಶೆಡ್ಡಿಗೆ ದಢೇಸುಗೂರಿನ ವೆಂಕೋಬ ತನ್ನ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಹಳೆಯ ಲಾರಿಯ ಟರ್ಬೊ ಬಿಚ್ಚಿ ಆ ಜೀಪಿಗೆ ಕೂಡಿಸಿದವನು ಮಸ್ಕಿಯ ಮೇಸ್ತ್ರಿ ಅಂಬಪ್ಪ. ಅವನು ತೀರಿ ತಿಂಗಳಾಗಿತ್ತು. ಅವನ ಮೇಲಿನ ನನ್ನ ಹೊಟ್ಟೆಕಿಚ್ಚು ತೀರಿರಲಿಲ್ಲ.

ವೇಗ ಹೆಚ್ಚಿಸಿದರೆ ಡೀಸೆಲ್ ಸಾಲದೆ ಎಂಜಿನ್ ಬಂದ್ ಆಗುತ್ತಿತ್ತು. ಫಿಲ್ಟರ್ ಬದಲಿಸಿದೆ, ಡೀಸೆಲ್ ಪೈಪಿನಲ್ಲಿ ಸಿಕ್ಕ ಏರ್ ತೆಗೆದೆ. ಜಗ್ಗಲಿಲ್ಲ.

"ಅಂಬಪ್ಪ ಇದ್ದಿದ್ರ ಎಲಿ ಅಡಕಿ ಜಗಕೋತ ಪೈಪ್ ಒಮ್ಮಿ ಊದತಿದ್ದ, ಗಾಡಿ ಓಡತಿತ್ತು," ಎಂದ ವೆಂಕೋಬ.

"ಹಂಗಾರ ಅವನ್ನ ಎಬ್ಬಿಸ್ಕೊಂಡು ಬರ್ರಿ, ವೆಂಕೋಬಣ್ಣ," ಎಂದು ಸಿಡುಕಿ, ಟ್ಯಾಂಕಿನ ಪೈಪು ಬಿಚ್ಚಿ ನಾನೇ ಊದಿದೆ. ಕಸ ಕಟ್ಟಿದಂತೆ ಬಿಗಿಯಾಗಿತ್ತು. ಮತ್ತೆ ಊದಿದೆ. ಆಚೆಯಿಂದ ಯಾರೋ ತಿರುಗಿ ಊದಿದರು. ಸುಡುವ ಮಧ್ಯಾಹ್ನದಲ್ಲೂ ಆ ಗಾಳಿ ತಣ್ಣಗಿತ್ತು. ಅದರಲ್ಲಿ ಡೀಸೆಲ್ ವಾಸನೆ ಇರಲಿಲ್ಲ, ಸುಣ್ಣ ಜರ್ದಾದ ವಾಸನೆ ಇತ್ತು.

ಪೈಪು ಕೂಡಿಸಿ ಚಾಲೂ ಮಾಡಿದೆ. ಜೀಪು ಎಲ್ಲೂ ನಿಲ್ಲದೆ ಮಸ್ಕಿ ಮುಟ್ಟಿ ಬಂತು.

"ಭಲೇ! ಅಂಬಪ್ಪನ್ನ ಮೀರಿಸಿದಿ ನೋಡು ನೀ," ಎಂದ ವೆಂಕೋಬ.

ಆ ಒಂದು ಮಾತಿಗೆ ಹತ್ತು ವರ್ಷ ಕಾದಿದ್ದೆ. ರಿಪೇರಿ ನನ್ನದಲ್ಲ ಎನ್ನಬೇಕಿತ್ತು, ಎನ್ನಲಿಲ್ಲ. ಇವತ್ತಿಗೂ ಎಂದಿಲ್ಲ. ಕೊಡದಲ್ಲಿದ್ದ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿದೆ. ನೆಲ ಕೆಂಪಾಯಿತು.

ನಾನು ಎಲೆ ಅಡಿಕೆ ತಿಂದವನಲ್ಲ.