ನಲವತ್ತು ತಾಸಿನ ಮಜೂರಿ

ಬಿಲ್ಲನ್ನು ಮೂರು ಸಲ ಓದಿದೆ. ಮೂರನೆಯ ಸಲಕ್ಕೆ ಕಿವಿ ಬಿಸಿಯಾದವು.

ಕ್ಲಚ್ ಪ್ಲೇಟು ಮೂವತ್ತೆಂಟು ರೂಪಾಯಿ. ಇರಲಿ, ವಿಲಾಯತಿ ಸಾಮಾನು. ಅದರ ಕೆಳಗೆ ಮಜೂರಿ: ನಲವತ್ತು ತಾಸು, ತಾಸಿಗೆ ನಾಲ್ಕು ರೂಪಾಯಿಯಂತೆ ನೂರಾ ಅರವತ್ತು. ಬಬಲೇಶ್ವರದ ದವಾಖಾನೆಯಲ್ಲಿ ತಿಂಗಳಿಡೀ ಹೆರಿಗೆ ಮಾಡಿಸಿದರೆ ನನ್ನ ಕೈಗೆ ಬರುವುದು ನೂರಾ ಹತ್ತು.

ಅದು ಅರವತ್ನಾಲ್ಕನೇ ಇಸವಿ. ಕಾರು ನನ್ನದೇ. ಹಸಿರು ಬಣ್ಣದ, ಎರಡೇ ಸೀಟಿನ, ಬಟ್ಟೆಯ ಟಪ್ಪಿನ ಸ್ಪೋರ್ಟ್ಸ್ ಕಾರು. ನನಗೆ ನರ್ಸಿನ ಕೆಲಸ ಕಲಿಸಿದ ವಿಲಾಯತಿ ಡಾಕ್ಟರಬಾಯಿ ತಮ್ಮ ದೇಶಕ್ಕೆ ಮರಳುವಾಗ ನನ್ನ ಹೆಸರಿಗೆ ಬರೆದುಕೊಟ್ಟು ಹೋಗಿದ್ದರು. ಹದಿನಾರು ವರ್ಷ ಹಳೆಯದಾದರೂ ಕರೆದಲ್ಲಿಗೆ ಬರುತ್ತಿತ್ತು. ಹೋದ ತಿಂಗಳು ನಿಡೋಣಿಯ ಹೊಲದ ಮನೆಯೊಂದರಲ್ಲಿ ಕೂಸು ಅಡ್ಡ ನಿಂತಿತ್ತು. ಬಸ್ಸಿಗೆ ಕಾದಿದ್ದರೆ ತಾಯಿಯೂ ಇಲ್ಲ, ಕೂಸೂ ಇಲ್ಲ. ಈ ಕಾರು ಇತ್ತು, ಇಬ್ಬರೂ ಉಳಿದರು.

ಅದರ ಬೋಲ್ಟುಗಳ ಅಳತೆಯೇ ಬೇರೆ. ಅವನ್ನು ಬಿಚ್ಚುವ ಪಾನಾಗಳು ಇಡೀ ವಿಜಾಪುರದಲ್ಲಿ ಸ್ಟೇಶನ್ ರಸ್ತೆಯ ಕಂಪನಿ ಏಜೆನ್ಸಿಯಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ. ಅದಕ್ಕೇ ಅವರ ಕೊಬ್ಬು.

"ಹಳೇ ಗಾಡಿರೀ, ತಾಸ ಹಿಡಿತಾವ," ಎಂದ ಮ್ಯಾನೇಜರ್ ಸಿದ್ದರಾಯ, ಎಲೆ ಅಡಿಕೆ ಅಗಿಯುತ್ತ. "ಸೋಮವಾರದೊಳಗ ರೊಕ್ಕ ಕಟ್ರಿ. ಇಲ್ಲಂದ್ರ ಗಾಡಿ ಇಲ್ಲೇ ಬಿಡ್ರಿ, ಬಿಲ್ ಮಾಫ್. ಮ್ಯಾಲ ಇನ್ನೂರು ಕೊಡಸ್ತೇನಿ. ಗಿರಾಕಿ ಅದಾರ. ನಿಮ್ಮಂಥಾವ್ರಿಗೆ ಇಂಥಾ ಗಾಡಿ ಯಾಕ ಬೇಕ್ರಿ?"

ನಿಮ್ಮಂಥವರು. ಊರಾಚೆಯ ನಮ್ಮ ಓಣಿ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನಲವತ್ತ ತಾಸ ಅಂತ ಬರದಾವ್ರು ಯಾರು?"

ಅವನು ಕೆಲಸದ ಕಾರ್ಡನ್ನು ನನ್ನತ್ತ ತಿರುಗಿಸಿದ. ಕೆಳಗೆ ದುಂಡನೆಯ ಅಕ್ಷರದ ಸಹಿ ಇತ್ತು. ರೇವಪ್ಪ, ಮಿಸ್ತ್ರಿ.

ಕಾರ್ಡು ಕಿತ್ತುಕೊಂಡು ನಾನು ಸೀದಾ ಶೆಡ್ಡಿಗೆ ನುಗ್ಗಿದೆ. ನನ್ನ ಕಾರು ಗೋಡೆಯ ಬದಿಗೆ ನಿಂತಿತ್ತು. ಅದರ ಸ್ಟೇರಿಂಗಿಗೆ ಯಾರೋ ಕರಿ ಉಣ್ಣೆಯ ದಾರ ಕಟ್ಟಿದ್ದರು, ಗಂಟುಗಂಟಾದ ದಾರ. ದೃಷ್ಟಿಗೆಂದು ಕೂಸುಗಳ ಕಾಲಿಗೆ ಇಂಥವನ್ನು ಕಟ್ಟಿ, ಅದು ಬಿಗಿದು ಹುಣ್ಣಾದ ಮೇಲೆ ನನ್ನ ಹತ್ತಿರ ತರುತ್ತಾರೆ. ಚೀಲದಿಂದ ಕತ್ತರಿ ತೆಗೆದು ಕಚಕ್ಕನೆ ಕತ್ತರಿಸಿದೆ.

ಬದಿಯ ಜೀಪಿನ ಕೆಳಗೆ ಎರಡು ಕಾಲುಗಳು ಕಂಡವು.

"ರೇವಪ್ಪ ಅಂದ್ರ ಯಾರು?"

ಕಾಲುಗಳು ಹೊರಬಂದವು, ಹಿಂದೆಯೇ ಮನುಷ್ಯ. ಹಣೆಯ ತುಂಬ ಗ್ರೀಸು. ರೆಪ್ಪೆಗಳ ಮೇಲೆ ಕೆಂಪು ಧೂಳು ಕೂತು, ಅದರ ನಡುವೆ ಕಣ್ಣುಗಳು ತೀರಾ ನಿಚ್ಚಳವಾಗಿದ್ದವು. ಅಂಥ ಸಿಟ್ಟಿನಲ್ಲೂ ನನಗೆ ಅದು ಕಂಡಿತು. ಕಂಡಿತಲ್ಲ ಎಂದು ಸಿಟ್ಟು ಇನ್ನೂ ಏರಿತು.

"ನಾನರೀ ಬಾಯಾರ."

"ಈ ದೃಷ್ಟಿದಾರ ಕಟ್ಟಾಕ ಎಷ್ಟ ತಾಸ ಹಿಡದ್ರಿ? ಅದನ್ನೂ ನಲವತ್ತರಾಗ ಸೇರಿಸೀರೇನು?" ದಾರವನ್ನು ಅವನ ಎದೆಗೆ ಎಸೆದೆ.

"ನಲವತ್ತಾ?"

ನಾನು ಕಾರ್ಡನ್ನು ಅವನ ಮುಂದೆ ಹಿಡಿದೆ. ಅವನು ಸಹಿ ನೋಡಿದ, ಅಂಕಿ ನೋಡಿದ, ಒಂದು ಮಾತೂ ಆಡಲಿಲ್ಲ. ಸುಮ್ಮನಿರುವುದಕ್ಕೆ ನನಗೆ ಗೊತ್ತಿದ್ದ ಅರ್ಥ ಒಂದೇ.

"ಕಳ್ಳ," ಎಂದೆ. ಶೆಡ್ಡಿನಲ್ಲಿ ಸುತ್ತಿಗೆಗಳು ನಿಂತವು.

ಅವನು ಬಗ್ಗಿ ದಾರವನ್ನು ಎತ್ತಿಕೊಂಡು, ಧೂಳು ಜಾಡಿಸಿ ಜೇಬಿಗಿಟ್ಟ.

"ಒಮ್ಮೆ ಅಂದ್ರಿ," ಎಂದ ಮೆಲ್ಲಗೆ. "ಇನ್ನೊಮ್ಮೆ ಅನಬ್ಯಾಡ್ರಿ."

ಅದು ಗುರುವಾರ.

ಶನಿವಾರ ಮಧ್ಯಾಹ್ನ ದವಾಖಾನೆಯ ಸಾಲಿನಲ್ಲಿ ಕೊನೆಯವನಾಗಿ ಅವನು ನಿಂತಿದ್ದ. ಮುಖ ತೊಳೆದುಕೊಂಡು ಬಂದಿದ್ದ. ಎಡಗೈಯ ಹೆಬ್ಬೆರಳಿಗೆ ಚಿಂದಿ ಸುತ್ತಿದ್ದ.

"ಏನಾಗೇತಿ?"

"ಪಾನಾ ಜಾರಿ ಬಡೀತ್ರಿ. ಮನಸು ಬ್ಯಾರೆ ಕಡೆ ಇತ್ತು."

ಚಿಂದಿ ಬಿಚ್ಚಿ, ಬೇಕೆಂದೇ ತುಸು ಜಾಸ್ತಿ ಟಿಂಚರ್ ಸುರಿದೆ.

"ಉರಿತೈತಿ."

"ಉರೀಲಿ."

ಅವನು ಹಲ್ಲು ಕಚ್ಚಿದ. ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಜೇಬಿನ ದಾರ ತೆಗೆದು ನನ್ನ ಮೇಜಿನ ಮೇಲಿಟ್ಟ.

"ಇದು ದೃಷ್ಟಿದಾರ ಅಲ್ರಿ. ನಾವು ಬಿಜ್ಜರಗಿ ಕಡಿಯವ್ರು, ಕುರಿ ಕಾಯೋ ಮಂದಿ. ನಮ್ಮಪ್ಪ ಉಣ್ಣೆ ಕತ್ತರಸೋ ಮುಂದ ಕುರಿಗೊಂದ ಗಂಟ ಹಾಕತಾನ. ಎಷ್ಟ ಗಂಟೋ ಅಷ್ಟ ಮಜೂರಿ. ನಾ ಗಾಡಿಗೊಂದ ದಾರ ಕಟ್ಟತೇನಿ. ಶೆಡ್ಡಿನ ಗಡಿಯಾರ ತಾಸ ಬಡದಾಗೊಮ್ಮೆ ಒಂದ ಗಂಟ. ಎಣಸ್ರಿ."

ಎಣಿಸಿದೆ. ಹನ್ನೊಂದು.

"ಮತ್ತ ಆ ಸಹಿ?"

"ಮುಂಜಾನೆ ಗಾಡಿ ಹಿಡಿಯೋ ಮುಂದ ಕಾರ್ಡ್ ಕೊಡತಾರ. ಖಾಲಿ ಕಾರ್ಡ್. ಸಹಿ ಮಾಡಿದ್ರಷ್ಟ ಪಾನಾ ಸಿಗತಾವ. ತಾಸು ಆಫೀಸಿನಾಗ ಬರಕೋತಾರ. ಎಲ್ಲಾ ಮಿಸ್ತ್ರಿಗೋಳೂ ಹಂಗ ಮಾಡತೇವಿ."

"ನಿಮಗ ತಾಸಿಗೆ ಎಷ್ಟ ಕೊಡತಾರ?"

"ತಾಸಿಗಿಲ್ರಿ. ದಿನಕ್ಕ ಮೂರ ರೂಪಾಯಿ."

ಒಂದು ಗಳಿಗೆ ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಇರಲಿಲ್ಲ. ಆಮೇಲೆ ಸಿಕ್ಕಿತು.

"ಖಾಲಿ ಕಾಗದಕ್ಕ ಸಹಿ ಮಾಡಾಕ ನಿಮಗ ನಾಚಿಕಿ ಬರಲಿಲ್ಲಾ? ನಾ ಖಾಲಿ ಔಷಧ ಚೀಟಿಗೆ ಸಹಿ ಮಾಡಿದ್ರ ಮಂದಿ ಸಾಯ್ತಾರ, ತಿಳಿತಾ? ನನ್ನ ಗಾಡಿ ಹೋಗಾಕತ್ತೈತಿ ನಿಮ್ಮ ಸಹಿ ಸಲವಾಗಿ!"

"ತಿಳದದ್ದಕ್ಕ ಬಂದೇನ್ರೀ!" ಅವನೂ ದನಿ ಏರಿಸಿದ. "ಎರಡ ದಿನ ನಿದ್ದಿ ಇಲ್ಲ. ಕಳ್ಳ ಅಂದ್ರಿ. ಸಿಟ್ಟ ನಿಮ್ಮ ಮ್ಯಾಲ ಬಂತು, ಆಮ್ಯಾಲ ನನ್ನ ಮ್ಯಾಲ ಬಂತು. ಇನ್ನೂ ಇಳದಿಲ್ಲ."

ಹೊರಗೆ ಕಾಯುತ್ತಿದ್ದ ಸಬೀರಾ, ನಮ್ಮ ಆಯಾ, ಬಾಗಿಲಿನಿಂದ ಇಣುಕಿ ನಕ್ಕು ಹೋದಳು. ಅವನ ಕೈ ಇನ್ನೂ ನನ್ನ ಕೈಯಲ್ಲಿತ್ತು. ಪಟ್ಟಿ ಕಟ್ಟಿ ಎಷ್ಟು ಹೊತ್ತಾಗಿತ್ತೋ ಏನೋ. ಬಿಟ್ಟೆ.

"ಉಳಿದ ಗಾಡಿಗಳ ದಾರ?"

"ಅದಾವ. ಗಾಡಿ ನಂಬರ್ ಬರದ ಚೀಟಿ ಕಟ್ಟಿ ಗ್ವಾಡಿ ಮೊಳಿಗೆ ಹಾಕೇನಿ. ಎರಡ ವರ್ಷದ್ದು."

"ಸೋಮವಾರ ತಗೊಂಡ ಆಫೀಸಿಗೆ ಬರ್ರಿ."

"ನೌಕರಿ ಹೋಗತೈತಿ ಬಾಯಾರ."

ಇಲ್ಲ, ಹೋಗುವುದಿಲ್ಲ ಎಂದು ಸುಳ್ಳು ಹೇಳಬಹುದಿತ್ತು. "ಹೋಗತೈತಿ," ಎಂದೆ.

ಅವನು ನನ್ನನ್ನೇ ನೋಡಿದ. ಧೂಳಿಲ್ಲದೆಯೂ ಆ ಕಣ್ಣುಗಳು ಹಾಗೆಯೇ ಇದ್ದವು. ಆಮೇಲೆ ಹೊರಟುಹೋದ.

ಭಾನುವಾರವೆಲ್ಲ ಚಡಪಡಿಸಿದೆ. ಅವನು ಬರದಿದ್ದರೆ ಕಾರು ಹೋಗುತ್ತದೆ, ಬಂದರೆ ಅವನ ಅನ್ನ ಹೋಗುತ್ತದೆ. ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ. ಅದೂ ಒಂದು ಸಿಟ್ಟು.

ಸೋಮವಾರ ಹತ್ತಕ್ಕೆ ಏಜೆನ್ಸಿಯ ಆಫೀಸು ತುಂಬಿತ್ತು. ಬಿಲ್ಲು ಕಟ್ಟಲು ಬಂದ ಒಬ್ಬ ವಕೀಲರು, ಲಾರಿ ಮಾಲೀಕ ಅಬ್ದುಲಗನಿ, ಇನ್ನೂ ನಾಲ್ಕೈದು ಜನ.

"ರೊಕ್ಕ ತಂದೀರಾ, ಗಾಡಿ ಬಿಡ್ತೀರಾ?" ಎಂದ ಸಿದ್ದರಾಯ.

"ಎರಡೂ ಇಲ್ಲ. ನನ್ನ ಗಾಡಿಗೆ ಹನ್ನೊಂದ ತಾಸ ಹಿಡದೈತಿ. ನಲವತ್ತ ಬರದೀರಿ."

"ಮಿಸ್ತ್ರಿ ಸಹಿ ಐತಿ ನೋಡ್ರಿ."

"ಸಹಿ ನಂದರೀ," ಎಂದಿತು ಬಾಗಿಲಿನ ಹತ್ತಿರದ ದನಿ. "ಅಂಕಿ ನಂದಲ್ಲ."

ರೇವಪ್ಪನ ಹೆಗಲ ಮೇಲೆ ದಾರಗಳ ದೊಡ್ಡ ಹೊರೆ ಇತ್ತು. ಅದನ್ನು ಮೇಜಿನ ಮೇಲೆ, ಸಿದ್ದರಾಯನ ಅಡಿಕೆ ಡಬ್ಬಿಯ ಮೇಲೆಯೇ ಹಾಕಿ, ಯಾವುದು ಏನೆಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ನನ್ನ ಕಾರ್ಡು ಎತ್ತಿಕೊಂಡು ನಲವತ್ತನ್ನು ಹೊಡೆದು ಹಾಕಿ, ಹನ್ನೊಂದು ಎಂದು ಬರೆದು, ಕೆಳಗೆ ಇನ್ನೊಮ್ಮೆ ಸಹಿ ಮಾಡಿದ.

"ಕುರಿ ಕಾಯವ್ನ ದಾರ ನಂಬತೀರೇನ್ರೀ?" ಸಿದ್ದರಾಯ ನಗಲು ನೋಡಿದ.

ಅಬ್ದುಲಗನಿ ಎದ್ದ. "ನನ್ನ ಲಾರೀದು ಹುಡುಕಪಾ ರೇವಪ್ಪ. ಐವತ್ತೆರಡ ತಾಸ ಕಟ್ಟೇನಿ ನಾ."

ರೇವಪ್ಪ ಹುಡುಕಿ ಕೊಟ್ಟ. ಅಬ್ದುಲಗನಿ ಬೆರಳಾಡಿಸಿ ಎಣಿಸಿದ. ಹತ್ತೊಂಬತ್ತಕ್ಕೆ ದಾರ ಮುಗಿಯಿತು. ಆಗ ವಕೀಲರು ಕನ್ನಡಕ ಹಾಕಿಕೊಂಡು ಎದ್ದರು. "ನಂದೂ ನೋಡ್ರಿ." ಅವರ ಹಿಂದೆ ಮತ್ತೊಬ್ಬರು. ಎಲ್ಲರಿಗೂ ತಮ್ಮ ತಮ್ಮ ದಾರ ಬೇಕಾಯಿತು.

ಹನ್ನೊಂದು ತಾಸಿಗೆ ನಲವತ್ನಾಲ್ಕು ರೂಪಾಯಿ, ಪ್ಲೇಟಿಗೆ ಮೂವತ್ತೆಂಟು. ಎಣಿಸಿ ಕೊಟ್ಟೆ. ಸಿದ್ದರಾಯ ಕೀಲಿಯನ್ನು ಮೇಜಿನ ಮೇಲೆ ಎಸೆದ. ಎಸೆಯುತ್ತಲೇ ರೇವಪ್ಪನಿಗೆ, "ನಾಳಿಂದ ಈ ಕಡೆ ಕಾಲ ಇಡಬ್ಯಾಡ," ಎಂದ.

ನಾನು ಕಾರು ಹೊರಗೆ ತರುವಷ್ಟರಲ್ಲಿ ಅವನು ತಿಕೋಟಾ ರಸ್ತೆ ಹಿಡಿದು ನಡೆದಿದ್ದ. ಬಿಸಿಲು ಸುಡುತ್ತಿತ್ತು. ಪಕ್ಕಕ್ಕೆ ಹೋಗಿ ನಿಲ್ಲಿಸಿದೆ. ಕ್ಲಚ್ಚು ಬೆಣ್ಣೆಯಂತೆ ಇಳಿಯಿತು.

"ಹತ್ರಿ."

"ನಡಕೋತ ಹೊಕ್ಕೇನ್ರಿ."

"ಬಿಜ್ಜರಗಿತನಕ ಇಪ್ಪತ್ತ ಮೈಲಿ ನಡೀತೀರಾ? ಹತ್ರಿ ಅಂದ್ನಲ್ಲಾ!"

ಹತ್ತಿದ. ಅರ್ಧ ಮೈಲಿ ಇಬ್ಬರೂ ರಸ್ತೆಯನ್ನೇ ನೋಡಿದೆವು. ಎರಡೇ ಸೀಟಿನ ಗಾಡಿಯಲ್ಲಿ ಸಿಟ್ಟು ಮಾಡಿಕೊಂಡು ಕೂರುವುದು ಕಷ್ಟ, ಪ್ರತಿ ತಿರುವಿಗೂ ಮೊಣಕೈ ತಾಗುತ್ತದೆ.

"ಬೈರಿ ನನ್ನ," ಎಂದೆ ಕೊನೆಗೆ. "ನನ್ನ ಸಲವಾಗಿ ನೌಕರಿ ಹೋತು."

"ಬೈಯಾವ ಇದ್ದೆ," ಎಂದು ಜೇಬಿನಿಂದ ಹೊಸ ದಾರವೊಂದನ್ನು ತೆಗೆದು ಸ್ಟೇರಿಂಗಿಗೆ ಕಟ್ಟಿದ. ಅವನ ಬೆರಳು ನನ್ನ ಬೆರಳಿನ ಪಕ್ಕದಲ್ಲೇ ಓಡಾಡಿತು. ದಾರದಲ್ಲಿ ಆಗಲೇ ಐದು ಗಂಟುಗಳಿದ್ದವು.

"ಇದು ಯಾವ ಗಾಡೀದು?"

"ಗಾಡೀದಲ್ರಿ. ಕಳ್ಳ ಅಂದ್ರಲ್ಲಾ, ಅವತ್ತಿಂದ ದಿನಕ್ಕೊಂದು. ಸಿಟ್ಟ ಎಷ್ಟ ದಿನ ಇರತೈತಿ ನೋಡೂನಂತ." ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಸಿಟ್ಟ ಎರಡ ಗಂಟಿನಾಗ ಮುಗದಿತ್ತು. ನೀವು ಟಿಂಚರ್ ಹಾಕಿದ ಮ್ಯಾಲಿನ ಮೂರು ಸಿಟ್ಟಿನವಲ್ಲ."

ಗಾಡಿ ತಾನಾಗಿ ನಿಧಾನವಾಯಿತು. ಅಥವಾ ನಾನೇ ಕಾಲು ಎತ್ತಿದೆನೋ ಏನೋ.

"ನಾ ಯಾವ ಓಣಿಯಾಕಿ ಗೊತ್ತೈತೇನು?"

"ಗೊತ್ತೈತಿ."

"ನಿಮ್ಮ ಮನ್ಯಾಗ ಒಳಗ ಕರಕೊಳ್ಳಾಂಗಿಲ್ಲ. ಲಗ್ನ ಅಂದ್ರ ಸರಕಾರಿ ಆಫೀಸಿನಾಗ ಕಾಗದದ ಮ್ಯಾಲ ಸಹಿ ಮಾಡೂದು, ಅಷ್ಟ. ಬ್ಯಾಂಡಿಲ್ಲ, ಬೀಗರಿಲ್ಲ."

"ಮಾಡತೇನಿ."

"ಓದಿ ಮಾಡ್ರಿ."

"ನಿಮ್ಮ ಹೆಸರಿದ್ರ ಸಾಕ್ರಿ. ಉಳದದ್ದು ಖಾಲಿ ಇದ್ರೂ ಮಾಡತೇನಿ."

ನಾನು ಬ್ರೇಕು ಒತ್ತಿದೆ. ರಸ್ತೆಯ ನಟ್ಟನಡುವೆ, ಹಿಂದೆ ಬಂದ ಜೀಪಿನವನು ಹಾರ್ನ್ ಬಾರಿಸುತ್ತಿದ್ದರೂ, ಈ ಮನುಷ್ಯನಿಗೆ ಇಷ್ಟೆಲ್ಲ ಆದಮೇಲೂ ಬುದ್ಧಿ ಬಂದಿಲ್ಲವಲ್ಲ ಎಂದು ಬಾಯಿಗೆ ಬಂದಂತೆ ಬೈದೆ. ಕಣ್ಣು ತುಂಬಿ ರಸ್ತೆ ಕಾಣದಾಯಿತು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಪಟ್ಟಿ ಕಟ್ಟಿದ ಕೈ ಚಾಚಿ, ದಾರಕ್ಕೆ ಆರನೆಯ ಗಂಟು ಹಾಕಿದ.