ಪಟ್ಟಿಯಿಂದ ಕಾಣೆಯಾದ ಲುಂಬಿನಿ

2004ರ ಫೆಬ್ರುವರಿಯ ಒಂದು ಬೆಳಿಗ್ಗೆ ಭಂಕೂರದ ಲುಂಬಿನಿ ಏದುಸಿರು ಬಿಡುತ್ತ ಶಹಾಬಾದಿನ ನಮ್ಮ ಮನೆಗೆ ಬಂದಳು. ಗ್ರಂಥಾಲಯದ ಕೆಲಸದಿಂದ ನಿವೃತ್ತರಾದ ನನ್ನ ಸೋದರತ್ತೆ ಭಾಮಾಬಾಯಿ ನಮ್ಮಲ್ಲೇ ಇದ್ದರು. ಊರಿನವರ ಬಿಡಿಸಲಾರದ ಗಂಟುಗಳೆಲ್ಲ ಅವರ ಬಳಿಗೇ ಬರುತ್ತಿದ್ದವು.

"ಬಾಯಾರ, ಕಂಪ್ಯೂಟರ್ ಕೇಂದ್ರದ ಬಾಗಿಲಿಗೆ ಹಚ್ಚಿದ ಪಟ್ಟಿಯೊಳಗ ನನ್ನ ಹೆಸರಿಲ್ರಿ. ಹತ್ತಕ್ಕ ಪರೀಕ್ಷಾ ಅದ. ಸಾಯಿಕುಮಾರ ಅಳಿಸ್ಯಾನಂತ ಅನ್ಲಿಕತ್ತಾರ. ಅಂವ ಅಂಥಾಂವ ಅಲ್ರಿ!"

ಸಾಯಿಕುಮಾರ ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವವನು. ಪಟ್ಟಿ ತಿದ್ದುವ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದವರಿಗೆ ಅಲ್ಲೇ ಶಿಕ್ಷಕರ ಕೆಲಸ. ಅವನ ತಂಗಿಯೂ ಪರೀಕ್ಷೆಗೆ ಕೂರುವವಳಿದ್ದಳು.

ನಾವು ಮೂವರೂ ಕೇಂದ್ರಕ್ಕೆ ಹೋದೆವು. ಅಲ್ಲಿನ ಮುಖ್ಯಸ್ಥ ಖಂಡಪ್ಪನವರು ಪಟ್ಟಿಯ ಹಾಳೆ ಚಾಚಿದರು. "ಎಲ್ ಅಕ್ಷರದಾಗ ಹುಡುಕಿನ್ರಿ, ಇಲ್ಲ. ಪೊಲೀಸರಿಗೆ ಹೇಳಾಂವ ಇದ್ದೀನಿ."

ಸಾಯಿಕುಮಾರನ ಕಣ್ಣು ತುಂಬಿದ್ದವು. "ಫಾರ್ಮಿನ್ಯಾಗ ಹೆಂಗ ಬರದಿದ್ರೋ ಹಂಗೇ ಸೇರಿಸೀನ್ರಿ. ಈಗ ನನಗ ಕೀಬೋರ್ಡ್ ಮುಟ್ಟಲಿಕ್ಕೂ ಬಿಡವಲ್ರು."

ಅತ್ತೆ ಹಾಳೆಯ ಮೇಲಿನ ಹೆಸರುಗಳನ್ನು ಬೆರಳಿಟ್ಟು ಎಣಿಸಿದರು: ನಲವತ್ತು. ಮೇಜಿನ ಮೇಲಿದ್ದ ಅರ್ಜಿಗಳ ಕಟ್ಟನ್ನೂ ಎಣಿಸಿ, ಕಂಪ್ಯೂಟರ್ ಪರದೆಯ ಕೆಳಗಿದ್ದ ಒಟ್ಟು ಸಂಖ್ಯೆಯನ್ನು ಬಗ್ಗಿ ನೋಡಿದರು. ಆಮೇಲೆ ಕೇಳಿದರು, "ಲುಂಬಿನಿ, ಫಾರ್ಮಿನ್ಯಾಗ ಹೆಸರು ಯಾವ ಲಿಪ್ಯಾಗ ಬರದಿದ್ದಿ?"

"ಕನ್ನಡದಾಗ್ರಿ."

"ಖಂಡಪ್ಪನವರ, ಎಷ್ಟು ಹಾಳಿ ಪ್ರಿಂಟ್ ತಗದ್ರಿ?"

"ಒಂದೇ ರೀ. ಕಡೀಗೆ ಝಡ್ ಬಂತಲ್ಲ, ನಿಂದ್ರಿಸಿದೆ."

ಒಂಬತ್ತೂವರೆಗೆ ಪರೀಕ್ಷಾರ್ಥಿಗಳೆಲ್ಲ ಸೇರಿದಾಗ ಅತ್ತೆ ಎದ್ದು ನಿಂತರು.

"ಯಾರೂ ಏನೂ ಅಳಿಸಿಲ್ಲ. ಅರ್ಜಿ ಹಾಕಿದವರು ನಲವತ್ತಾರು ಮಂದಿ, ಯಂತ್ರದ ಎಣಿಕಿನೂ ನಲವತ್ತಾರು. ಹಾಳಿಯೊಳಗ ನಲವತ್ತೇ. ಅಂದ್ರ ಆರು ಹೆಸರು ಒಳಗೇ ಅದಾವ. 'ಲ' ಅಂದ್ರೂ ಎಲ್ ಅಂದ್ರೂ ನಮ್ಮ ಕಿವಿಗೆ ಒಂದೇ. ಆದ್ರ ಈ ಪ್ರೋಗ್ರಾಂ ಕಿವಿಲೆ ಕೇಳಂಗಿಲ್ಲ. ಪ್ರತಿ ಅಕ್ಷರಕ್ಕ ಒಂದು ನಂಬರ್ ಅದ, ಅದನ್ನ ನೋಡಿ ಸಾಲು ಹಚ್ಚತದ. ಇಂಗ್ಲಿಷಿನವು ಸಣ್ಣ ನಂಬರ್. ಅವು ಮುಗದ ಮ್ಯಾಲ ಉರ್ದು, ಆಮ್ಯಾಲ ಕನ್ನಡ. ಸಾಯಿಕುಮಾರ, ಪಟ್ಟಿ ಕೆಳಗ ಸರಿಸಪ್ಪ."

ಝಡ್ ದಾಟಿದ ಕೂಡಲೇ, ಆಗಷ್ಟೇ ಪರೀಕ್ಷೆಗೆ ಬಂದಿದ್ದ ಮಜೀದಸಾಬನದೂ ಇನ್ನೊಬ್ಬರದೂ ಉರ್ದು ಹೆಸರುಗಳು ಬಂದವು. ಅದರ ಕೆಳಗೆ ನಾಲ್ಕು ಕನ್ನಡ ಹೆಸರುಗಳು. ಎಲ್ಲಕ್ಕೂ ಕೊನೆಗೆ ಲುಂಬಿನಿ.

"ಹಂಗಾದ್ರ ತಪ್ಪು ಯಾರದು?" ನಾನು ಕೇಳಿದೆ.

"ಝಡ್‌ಗೆ ಲೋಕ ಮುಗೀತು ಅಂತ ತಿಳಕೊಂಡವರದು."

ಖಂಡಪ್ಪನವರು ಎದ್ದು ಬಂದು ಸಾಯಿಕುಮಾರನ ಕೈ ಹಿಡಿದರು. "ಭಾಳ ತಪ್ಪಾಯ್ತಪ್ಪ. ಎಲ್ಲರ ಮುಂದ ಅಂದಿದ್ದೆ, ಎಲ್ಲರ ಮುಂದೇ ಹೇಳಾಕತ್ತೀನಿ."

ಹತ್ತಕ್ಕೆ ಸರಿಯಾಗಿ ಸಾಯಿಕುಮಾರನೇ ಲುಂಬಿನಿಗೆ ಯಂತ್ರ ತೆರೆದುಕೊಟ್ಟ. ಅವಳು ಮೊದಲಿಗಳಾದಳು, ಅವನ ತಂಗಿ ಎರಡನೆಯವಳು. ಜೂನ್‌ನಲ್ಲಿ ಲುಂಬಿನಿ ಕಲಿಸತೊಡಗಿದಾಗ ಅವಳ ಮೊದಲ ತರಗತಿಯ ಹಿಂದಿನ ಸಾಲಿನಲ್ಲಿ ಖಂಡಪ್ಪನವರೂ ನೋಟುಬುಕ್ಕು ಹಿಡಿದು ಕೂತಿದ್ದರು.